ಸೊಂಟಪಟ್ಟಿ ಕಾಣುತ್ತೆ, ಕಾಲು ಕಾಣಲ್ಲ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಯೂನಿಟ್ ಇದೆ. ವೆಬ್‌ಸೈಟಿಗೆ ಅಂತ ಪ್ಯಾಂಟಿನ ಅಳತೆ ತೋರಿಸುವ ಚಿತ್ರವೊಂದನ್ನು ಎಸ್‌ವಿಜಿಯಲ್ಲಿ (ಗೆರೆ, ಆಕಾರಗಳನ್ನು ಕೋಡಿನಲ್ಲೇ ಬರೆಯುವ ಚಿತ್ರದ ಬಗೆ) ಮಾಡಿ, ಕೋಡನ್ನು ನೇರ ಪೇಜಿನೊಳಗೇ ಅಂಟಿಸಿದೆ. ಚಿತ್ರ 800 ಅಗಲ, 1000 ಎತ್ತರ. ಮೊಬೈಲಿನಲ್ಲಿ ಜಾಗಕ್ಕೆ ತಕ್ಕಂತೆ ಕುಗ್ಗಲಿ ಅಂತ ವಿಡ್ತ್, ಹೈಟ್ ಎರಡನ್ನೂ ಅಳಿಸಿ, ಪೇಜಿನ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಅಗಲ 100% ಕೊಟ್ಟೆ. ಈಗ ಸೊಂಟಪಟ್ಟಿಯ ಎಡಭಾಗ ಮಾತ್ರ ಕಾಣುತ್ತಿದೆ. ಎಸ್‌ವಿಜಿ ಎಷ್ಟು ಬೇಕಾದರೂ ಹಿಗ್ಗುತ್ತೆ, ಕುಗ್ಗುತ್ತೆ ಅಂತಾರೆ, ಅಲ್ವಾ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಕಾಲುಗಳು ಎಲ್ಲೂ ಹೋಗಿಲ್ಲ. ನೀವು ಕಿಟಕಿಯನ್ನು ಚಿಕ್ಕದು ಮಾಡಿದಿರಿ, ಪ್ಯಾಂಟು ಇದ್ದಷ್ಟೇ ಇದೆ.

ಗಾತ್ರ ಹೇಳದ ಎಸ್‌ವಿಜಿಗೆ ಬ್ರೌಸರ್ ತಾನಾಗಿ ಕೊಡುವ ಜಾಗ 300 ಅಗಲ, 150 ಎತ್ತರ. ನೀವು ಅಗಲ ಮಾತ್ರ ಹೇಳಿದ್ದರಿಂದ ಎತ್ತರ 150ಕ್ಕೇ ನಿಂತಿತು. ಆ ಕಿಟಕಿಯಲ್ಲಿ ಚಿತ್ರದ ಎಡ ಮೇಲ್ಮೂಲೆ ಕಾಣುತ್ತಿದೆ, ಅಷ್ಟೇ. ಪೂರ್ತಿ ಚಿತ್ರ ಎಷ್ಟು ದೊಡ್ಡದು ಅಂತ ಬ್ರೌಸರಿಗೆ ಗೊತ್ತಿಲ್ಲದೆ ಅದು ಹೇಗೆ ಕುಗ್ಗಿಸೀತು?

ಅದನ್ನು ಹೇಳುವುದೇ ವ್ಯೂಬಾಕ್ಸ್ (viewBox). ಎಸ್‌ವಿಜಿ ಟ್ಯಾಗಿನಲ್ಲಿ ವ್ಯೂಬಾಕ್ಸ್‌ಗೆ 0 0 800 1000 ಅಂತ ಕೊಡಿ. ಮೊದಲೆರಡು ಅಂಕಿ ಚಿತ್ರ ಶುರುವಾಗುವ ಜಾಗ, ಕೊನೆಯೆರಡು ಅಗಲ, ಎತ್ತರ. ಸಿಎಸ್‌ಎಸ್‌ನಲ್ಲಿ ಅಗಲ 100% ಇರಲಿ, ಎತ್ತರ ಆಟೋ ಮಾಡಿ. 360 ಪಿಕ್ಸೆಲ್ ಅಗಲದ ಜಾಗದಲ್ಲಿ ಎತ್ತರ ತಾನಾಗಿ 450 ಆಗುತ್ತದೆ. ಮುಂದೆ ಚಿತ್ರವನ್ನು ಬೇರೆ ಫೈಲ್ ಮಾಡಿದರೆ ಒಂದು ಎಚ್ಚರಿಕೆ: ವ್ಯೂಬಾಕ್ಸ್‌ನ ಬಿ ದೊಡ್ಡಕ್ಷರವೇ ಆಗಿರಬೇಕು. ಪೇಜಿನೊಳಗಿದ್ದರೆ ಬ್ರೌಸರೇ ತಿದ್ದಿಕೊಳ್ಳುತ್ತದೆ, ಬೇರೆ ಫೈಲಿನಲ್ಲಿ ಆ ಉಪಕಾರ ಇಲ್ಲ.

ಇಷ್ಟಾದ ಮೇಲೆ ಇನ್ನೊಂದು ತಲೆನೋವು ಶುರುವಾಗುತ್ತದೆ. 800ರ ಚಿತ್ರ 360ರಲ್ಲಿ ಕೂತಾಗ ಎಲ್ಲವೂ 0.45 ಪಟ್ಟು. 2 ದಪ್ಪದ ಹೊಲಿಗೆ ಗೆರೆ 0.9 ಪಿಕ್ಸೆಲ್ ಆಗಿ ಮಂಕಾಗುತ್ತದೆ. ಗೆರೆಗೆ ವೆಕ್ಟರ್ ಎಫೆಕ್ಟ್‌ನಲ್ಲಿ (vector-effect) ನಾನ್ ಸ್ಕೇಲಿಂಗ್ ಸ್ಟ್ರೋಕ್ (non-scaling-stroke) ಕೊಟ್ಟರೆ ದಪ್ಪ ಬದಲಾಗುವುದಿಲ್ಲ. ಆದರೆ ಚಿತ್ರದೊಳಗಿನ ಅಕ್ಷರಗಳಿಗೆ ಈ ಉಪಾಯ ನಡೆಯಲ್ಲ. 16ರ ಅಕ್ಷರ 7.2ಕ್ಕೆ ಇಳಿಯುತ್ತದೆ. ಇಂಗ್ಲಿಷನ್ನು ಕಣ್ಣು ಕಿರಿದು ಮಾಡಿಯಾದರೂ ಓದಬಹುದು, ಕನ್ನಡದ ಒತ್ತಕ್ಷರ ಬರೀ ಚುಕ್ಕಿಯಾಗುತ್ತದೆ. ನಾನಾಗಿದ್ದರೆ ಚಿತ್ರದ ಮೇಲೆ 1, 2, 3 ಅಂತ ದೊಡ್ಡ ಅಂಕಿ ಮಾತ್ರ ಇಟ್ಟು, ಸೊಂಟ, ತೊಡೆ, ಒಳಗಾಲು ಎಂಬ ಹೆಸರುಗಳನ್ನು ಕೆಳಗೆ ಮಾಮೂಲಿ ಪಠ್ಯವಾಗಿ ಬರೆಯುತ್ತಿದ್ದೆ.

ಎತ್ತರವನ್ನೂ ನೀವೇ ಕಟ್ಟಿಹಾಕಿದರೆ ಪಕ್ಕದಲ್ಲಿ ಖಾಲಿ ಜಾಗ ಉಳಿಯಬಹುದು. ಅನುಪಾತ ಕೆಡಿಸದೆ ಚಿತ್ರವನ್ನು ನಡುವೆ ಕೂರಿಸುವುದು ಎಸ್‌ವಿಜಿಯ ಸಹಜ ಅಭ್ಯಾಸ. ಆ ಖಾಲಿ ಜಾಗ ತುಂಬಿಸಲು ಪ್ರಿಸರ್ವ್ ಆಸ್ಪೆಕ್ಟ್ ರೇಶಿಯೋಗೆ (preserveAspectRatio) ನನ್ (none) ಅಂತ ಕೊಡಲು ಮಾತ್ರ ಹೋಗಬೇಡಿ. ಚಿತ್ರ ಅಡ್ಡಕ್ಕೆ ಹಿಗ್ಗಿ, ಸ್ಲಿಮ್ ಫಿಟ್ ಮಾರುವ ಪೇಜಿನಲ್ಲಿ ಬ್ಯಾಗಿ ಪ್ಯಾಂಟು ಕಾಣಿಸುತ್ತದೆ.