ಒಲೆ ಮುಂದಿನ ಮಾತು: ಈ ಸಲ ಬರೀ ಚಳಿಯ ಪತ್ರಗಳು

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಚಳಿಯ ಬಗ್ಗೆಯೇ ಇವೆ. ಹಾಗಾಗಿ ಈ ಸಂಚಿಕೆಯಲ್ಲಿ ಬೇರೆ ಪ್ರಶ್ನೆ ತೆಗೆದುಕೊಂಡಿಲ್ಲ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದಕ್ಕೆ ಬೇಕಿತ್ತು.

ಅಕ್ಕ, ನನ್ನ ತವರು ಬಳ್ಳಾರಿ. ಹೋದ ಬೇಸಿಗೆಯಲ್ಲಿ ಮದುವೆಯಾಗಿ ಇಲ್ಲಿನ ತೋಟದ ಮನೆಗೆ ಬಂದೆ. ಈ ಚಳಿ ತಡೆಯೋಕಾಗ್ತಿಲ್ಲ. ಬೆಳಗಾದರೆ ಮನೆಯವರೆಲ್ಲ ಕಾಫಿ ಕುಯ್ಲಿಗೆ ಹೋಗುತ್ತಾರೆ. ಸಂಜೆ ಬಂದು ಒಲೆ ಮುಂದೆ ಸುಮ್ಮನೆ ಕೂರುತ್ತಾರೆ. ಯಾರೂ ಮಾತಾಡುವುದಿಲ್ಲ. ನಾನು ಇಲ್ಲಿಗೆ ಸೇರಿದವಳೇ ಅಲ್ಲ ಅನ್ನಿಸುತ್ತದೆ.
*ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು*

ತಂಗಿ, ಅವರು ಮಾತಾಡದೇ ಇರುವುದು ನಿನ್ನ ಮೇಲಿನ ಬೇಸರಕ್ಕಲ್ಲ. ಇದನ್ನು ಮೊದಲು ಮನಸ್ಸಿಗೆ ತಗೋ. ನಾನೂ ಸೋಮವಾರಪೇಟೆ ಕಡೆಯವಳೇ, ತೋಟದ ಮನೆಯಲ್ಲೇ ಬೆಳೆದವಳು. ಡಿಸೆಂಬರ್, ಜನವರಿ ಅಂದರೆ ನಮ್ಮ ಕಡೆ ಅರೇಬಿಕಾ ಕಾಫಿಯ ಕುಯ್ಲು. ಹಣ್ಣಾದದ್ದನ್ನು ಗಿಡದಲ್ಲೇ ಬಿಟ್ಟರೆ ಉದುರುತ್ತದೆ. ಕುಯ್ದದ್ದನ್ನು ಅವತ್ತೇ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಬೇಕು. ಕಣದಲ್ಲಿ ಹರಡಿದ್ದನ್ನು ಆಗಾಗ ಕೈಯಾಡಿಸುತ್ತಿರಬೇಕು. ಸಂಜೆ ಮಂಜು ಇಳಿಯುವ ಮೊದಲು ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಬೇಕು, ಇಲ್ಲದಿದ್ದರೆ ಹಗಲು ಒಣಗಿದ್ದು ರಾತ್ರಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಇಡೀ ವರ್ಷದ ದುಡ್ಡು ಆ ಕಣದಲ್ಲಿ ಬಿದ್ದಿರುತ್ತದೆ, ಅಲ್ವಾ? ಆಕಾಶದಲ್ಲಿ ಒಂದು ಮೋಡ ಕಂಡರೂ ನಿದ್ದೆ ಬರುವುದಿಲ್ಲ. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಬಂದವರು ಒಲೆ ಮುಂದೆ ಕೂತರೆ ಬಾಯಿ ಬಿಡುವುದಿಲ್ಲ.

ಆದರೆ ಕೂರುತ್ತಾರಲ್ಲ, ಎಲ್ಲರೂ ಒಂದೇ ಕಡೆ. ನಿನ್ನ ಮನೆಯಲ್ಲಿ ಅದೊಂದು ಉಳಿದಿದೆ. ಅದು ಇಲ್ಲದ ಮನೆಯಿಂದ ಬಂದ ಪತ್ರ ಕೆಳಗೆ ಇದೆ, ಓದು.

ನಿನಗೆ ಒಂದು ಕೆಲಸ ಹೇಳುತ್ತೇನೆ. ಸಂಜೆ ಸೌದೆ ದೂಡುವ ಜಾಗದಲ್ಲಿ ನೀನು ಕೂತುಕೋ. ಗೋಡೆ ಪಕ್ಕ ಬೇಡ, ಬಾಗಿಲ ಹತ್ತಿರವೂ ಬೇಡ. ಉರಿ ನೋಡಿಕೊಳ್ಳುವವರ ಹತ್ತಿರ ಎಲ್ಲರೂ ಮಾತಾಡಲೇಬೇಕಾಗುತ್ತದೆ. "ಸ್ವಲ್ಪ ಒಳಗೆ ದೂಡು", "ಅದು ಹಸಿ ಇದೆ, ಕಾಫಿ ಕಡ್ಡಿ ಹಾಕು", "ಹೊಗೆ ಈ ಕಡೆ ಬರ್ತಿದೆ ನೋಡು". ಮಾತು ಶುರುವಾಗುವುದೇ ಹೀಗೆ. ಮಾವ ಮೊದಲು ಸೌದೆ ಬಗ್ಗೆ ಹೇಳುತ್ತಾರೆ. ಆಮೇಲೆ ತೋಟದ ನೆರಳಿಗಿದ್ದ ಆ ಸಿಲ್ವರ್ ಮರ ಯಾವ ಮಳೆಗೆ ಬಿತ್ತು ಅಂತ ಹೇಳುತ್ತಾರೆ. ಆಮೇಲೆ ನೀನು ಸಾಕು ಅಂದರೂ ನಿಲ್ಲಿಸುವುದಿಲ್ಲ. ಕೈಗೆ ಒಂದೊಂದು ಲೋಟ ಬೆಲ್ಲದ ಕಾಫಿ ಕೊಡು. ಹಾಲು ಬೇಡ. ಬೆಲ್ಲ ಕುದಿಸಿದ ನೀರಿಗೆ ಪುಡಿ ಹಾಕಿ ಇಳಿಸು, ಎರಡು ಕಾಳು ಮೆಣಸು ಜಜ್ಜಿ ಹಾಕು.

ಹಗಲು ಒಳಗೆ ಕೂರಬೇಡ. ಹೊರಗಿಗಿಂತ ಹೆಂಚಿನ ಮನೆಯ ಒಳಗೇ ಚಳಿ ಜಾಸ್ತಿ. ಮಳೆಗಾಲದಲ್ಲಿ ನೀನು ಕಂಡ ಚಳಿ ಬೇರೆ, ಅದು ಎಲ್ಲಿ ಹೋದರೂ ಬಿಡುವುದಿಲ್ಲ. ಈ ಚಳಿಗೆ ಬಿಸಿಲೇ ಮದ್ದು. ಬಳ್ಳಾರಿಯಲ್ಲಿ ನೆರಳು ಹುಡುಕಿದವಳು ಇಲ್ಲಿ ಬಿಸಿಲು ಹುಡುಕಬೇಕು. ಮಂಜು ಬಿಟ್ಟ ಕೂಡಲೇ ಹಾಸಿಗೆ, ಕಂಬಳಿ ಎಲ್ಲ ಅಂಗಳಕ್ಕೆ ತಂದು ಹಾಕು. ಮೂರು ಗಂಟೆಗೇ ಮಡಚಿ ಒಳಗೆ ತಾ, ತಡ ಮಾಡಿದರೆ ತಣ್ಣಗಾಗುತ್ತದೆ. ರಾತ್ರಿ ಆ ಬಿಸಿಲು ವಾಸನೆಯ ಕಂಬಳಿ ಹೊದ್ದು ನೋಡು. ಒಂದು ಕಂಬಳಿ ಅಡಿಗೂ ಹಾಸಿಕೋ. ಚಳಿ ಅರ್ಧ ಕೆಳಗಿನಿಂದಲೇ ಬರುತ್ತದೆ.

ಮತ್ತೆ ಕಣಕ್ಕೆ ಹೋಗು. ಸಿಪ್ಪೆ ಬಿಡಿಸದೆ ಇಡೀ ಹಣ್ಣಾಗಿಯೇ ಒಣಗಿಸುವ ಕಾಫಿ, ಅಂದರೆ ಚೆರಿ, ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸು. ಮೊದಲ ದಿನಗಳಲ್ಲಿ ಸದ್ದೇ ಇರುವುದಿಲ್ಲ, ಕೈಗೆ ಅಂಟಂಟು. ದಿನ ಕಳೆದ ಹಾಗೆ ಸಿಪ್ಪೆ ಕಪ್ಪಾಗಿ ಒಳಗೆ ಬೀಜ ಸಡಿಲವಾಗುತ್ತದೆ. ಚೆನ್ನಾಗಿ ಒಣಗಿದಾಗ ಗಲಗಲ ಅನ್ನುತ್ತದೆ. ಅತ್ತೆಗೆ ತೋರಿಸಿ "ಇದು ಸಾಕಾ?" ಅಂತ ಕೇಳು. ಅವರು ಒಂದು ಕಾಳು ಹಲ್ಲಿಗೆ ಹಾಕಿ ಕಡಿದು ಹೇಳುತ್ತಾರೆ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ನೀನು ಇಲ್ಲಿಯದನ್ನು ಕಲಿತರೆ ಸಾಲದು, ನಿನ್ನ ಊರಿನದೂ ಆ ಒಲೆಗೆ ಬರಬೇಕು. ಸಂಕ್ರಾಂತಿ ಹತ್ತಿರ ಬಂತು. ಭೋಗಿ ದಿನ ನಿಮ್ಮ ಕಡೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟುತ್ತೀರಿ. ತವರಿನಿಂದ ಸಜ್ಜೆ ಹಿಟ್ಟು ತರಿಸಿಕೋ. ಸೌದೆ ಒಲೆ ನಿಮ್ಮ ರೊಟ್ಟಿಗೆ ಹೇಳಿ ಮಾಡಿಸಿದ್ದು. ಅಕ್ಕಿ ರೊಟ್ಟಿ, ಕಡುಬು ತಿಂದವರಿಗೆ ಬಿಸಿ ಸಜ್ಜೆ ರೊಟ್ಟಿ ಮೇಲೆ ಬೆಣ್ಣೆ ಹಾಕಿ ಕೊಡು, ಪಕ್ಕಕ್ಕೆ ಶೇಂಗಾ ಚಟ್ನಿ. ಏನಾಯಿತು ಅಂತ ನನಗೆ ಬರಿ. ಕಾಯುತ್ತಿರುತ್ತೇನೆ.

ನಮ್ಮ ಮಾವನಿಗೆ ವಯಸ್ಸಾಗಿದೆ. ರಾತ್ರಿ ಬಾಣಲೆಯಲ್ಲಿ ಕೆಂಡ ತುಂಬಿಸಿ ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಮಲಗುತ್ತಾರೆ. ಬೆಳಿಗ್ಗೆ ತಲೆನೋವು ಅನ್ನುತ್ತಾರೆ. ಶೀತ ಇರಬಹುದಾ?
*ವಿರಾಜಪೇಟೆ*

ಶೀತ ಅಂದುಕೊಂಡು ಬಿಡಬೇಡಿ. ದಯವಿಟ್ಟು ಇವತ್ತಿನಿಂದಲೇ ನಿಲ್ಲಿಸಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ಗಾಳಿ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣದಿದ್ದರೂ ಅದು ಇರುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಅದರ ಗುರುತು. ಮಲಗಿದವರಿಗೆ ಎಚ್ಚರವೇ ಆಗದೆ ಜೀವ ಹೋಗಬಹುದು. ಮಾವನನ್ನು ಒಮ್ಮೆ ಡಾಕ್ಟರಿಗೆ ತೋರಿಸಿ, ಕೆಂಡದ ವಿಷಯ ಮರೆಯದೆ ಹೇಳಿ. ಯಾವತ್ತಾದರೂ ಅವರು ಎಬ್ಬಿಸಿದರೂ ಏಳದಿದ್ದರೆ ಬಾಗಿಲು, ಕಿಟಕಿ ತೆಗೆದು ಮೊದಲು ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಫೋನ್ ಮಾಡಿ.

"ನಮ್ಮ ಕಾಲದಲ್ಲಿ ಎಲ್ಲರೂ ಹೀಗೇ ಮಲಗುತ್ತಿದ್ದೆವು" ಅನ್ನುತ್ತಾರೆ, ಗೊತ್ತು. ಆಗಿನ ಮನೆಗಳಲ್ಲಿ ಹೆಂಚಿನ ಸಂದಿ, ಬಾಗಿಲ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗ ತಾರಸಿ, ಗಾಜಿನ ಕಿಟಕಿ. ಜಗಳ ಮಾಡಬೇಡಿ. ಮಲಗುವ ಮೊದಲು ಒಲೆ ಮುಂದೆ ಕೂರಿಸಿ ಚೆನ್ನಾಗಿ ಮೈ ಕಾಯಿಸಿ. ಹಾಸಿಗೆಗೆ ಬಿಸಿನೀರಿನ ಚೀಲ ಮೊದಲೇ ಇಟ್ಟಿರಿ. ಕಾಲಿಗೆ ಉಣ್ಣೆಯ ಕಾಲುಚೀಲ, ತಲೆಗೆ ಮಫ್ಲರ್. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರುವವರಿಗೂ ಇದೇ ಮಾತು. ಚಳಿ ಅಂತ ಕಿಟಕಿ ಮುಚ್ಚಿ ಸ್ನಾನ ಮಾಡಬೇಡಿ.

ಊರಿನ ಜೇನು ಅಂತ ನಂಬಿ ಕೊಂಡೆ. ಈ ಚಳಿಗೆ ಬಾಟಲಿ ತಳದಲ್ಲಿ ಸಕ್ಕರೆ ಹಾಗೆ ಗಟ್ಟಿಯಾಗಿದೆ. ಮೋಸ ಹೋದೆನಾ?
*ಭಾಗಮಂಡಲ*

ಗಟ್ಟಿಯಾಯಿತು ಅಂತ ಮಾತ್ರಕ್ಕೆ ಮೋಸ ಅನ್ನಬೇಡಿ. ಜೇನಿನಲ್ಲಿರುವ ಗ್ಲೂಕೋಸ್ ತಣ್ಣಗಾದಾಗ ಹರಳಾಗುತ್ತದೆ. 14 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೇಗ ಆಗುತ್ತದೆ, ನಮ್ಮ ರಾತ್ರಿಗಳು ಈಗ ಹಾಗೇ ಇವೆ ನೋಡಿ. ಅಪ್ಪಟ ಜೇನೂ ಹೀಗಾಗುತ್ತದೆ. ಕೈಗೆ ಹಿತವಾಗುವಷ್ಟು ಬಿಸಿ ಇರುವ ನೀರಿನಲ್ಲಿ ಬಾಟಲಿ ಇಡಿ, ಕರಗುತ್ತದೆ. ಒಲೆ ಮೇಲೆ ಇಡಬೇಡಿ, ಪರಿಮಳ ಹೋಗುತ್ತದೆ. ಮನೆಯಲ್ಲಿ ಒಂದು ವರ್ಷ ತುಂಬದ ಮಗು ಇದ್ದರೆ ಕೆಮ್ಮಿಗೆ ಅಂತಲೂ ಜೇನು ನೆಕ್ಕಿಸಬೇಡಿ.

ಎರಡು ದಿನವಾದರೂ ಮೊಸರು ಹೆಪ್ಪಾಗುತ್ತಿಲ್ಲ.
*ಶನಿವಾರಸಂತೆ*

ಹಾಲು ಉಗುರುಬೆಚ್ಚಗಿಗಿಂತ ಒಂದು ಚೂರು ಜಾಸ್ತಿಯೇ ಬಿಸಿ ಇರಲಿ, ಹೆಪ್ಪೂ ಒಂದು ಚಮಚ ಜಾಸ್ತಿ. ಪಾತ್ರೆಗೆ ಟವೆಲ್ ಸುತ್ತಿ ಬಚ್ಚಲ ಹಂಡೆ ಪಕ್ಕ ಇಡಿ. ಇಡ್ಲಿ ಹಿಟ್ಟಿಗೂ ಅದೇ ಜಾಗ.

ಅಕ್ಕ, ನಮ್ಮದು ಮಡಿಕೇರಿಯಲ್ಲಿ ಬಾಡಿಗೆ ಮನೆ. ಗ್ಯಾಸ್ ಒಲೆ. ಏಳು ಗಂಟೆಯಾದರೆ ಗಂಡ, ಇಬ್ಬರು ಮಕ್ಕಳು ಒಬ್ಬೊಬ್ಬರು ಒಂದೊಂದು ಕಂಬಳಿಯೊಳಗೆ, ಒಂದೊಂದು ಮೊಬೈಲ್. ನಾನು ಚಿಕ್ಕವಳಿದ್ದಾಗ ಇದ್ದ ಒಲೆ ಮುಂದಿನ ಹೊತ್ತು ಈಗ ಎಲ್ಲಿಂದ ತರಲಿ?
*ಮಡಿಕೇರಿ*

ಬೆಂಕಿ ಇಲ್ಲದಿದ್ದರೂ ಜನರನ್ನು ಒಟ್ಟಿಗೆ ಕೂರಿಸಬಹುದು. ಕೈಗೆ ಕೆಲಸ ಕೊಡಿ. "ಮೊಬೈಲ್ ಇಡಿ" ಅಂತ ಕೂಗಿದರೆ ಯಾರೂ ಇಡುವುದಿಲ್ಲ, ಕೈ ಒದ್ದೆಯಾದರೆ ತಾನಾಗಿ ಇಡುತ್ತಾರೆ.

ಶುಕ್ರವಾರದ ಸಂತೆಯಲ್ಲಿ ಅವರೆಕಾಯಿ ತನ್ನಿ. ಸೊಗಡಿನ ಕಾಯಿ ಆರಿಸಿ. ರಾತ್ರಿ ಎಲ್ಲರೂ ಸೇರಿ ಸುಲಿಯಿರಿ, ಕಾಳು ನೆನೆಹಾಕಿ. ಮರುದಿನ ನಡುವೆ ಒಂದು ಬೇಸನ್ ಇಟ್ಟು ಹಿತುಕಲು ಕೂರಿಸಿ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಟ್ಟನೆ ಹಾರುತ್ತದೆ. ಚಿಕ್ಕವನು ಅಣ್ಣನ ಮುಖಕ್ಕೆ ಗುರಿ ಇಡುತ್ತಾನೆ. ಬೈಯಬೇಡಿ.

ಇನ್ನೊಂದು ದಿನ ಕಿತ್ತಳೆ. ನಮ್ಮ ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಮಕ್ಕಳೇ ಸುಲಿಯಬಹುದು. ಒಂದು ಮೇಣದ ಬತ್ತಿ ಹಚ್ಚಿ, ನೀವು ಪಕ್ಕದಲ್ಲೇ ಇದ್ದು, ಸಿಪ್ಪೆಯನ್ನು ಉರಿಯ ಕಡೆಗೆ ಮಡಚಿ ಹಿಂಡಿ ತೋರಿಸಿ. ಸಿಪ್ಪೆಯ ಎಣ್ಣೆ ಚಿಮ್ಮಿ ಚಟಪಟ ಅಂತ ಕಿಡಿ ಹಾರುತ್ತದೆ, ಕೋಣೆಯೆಲ್ಲ ಘಮ್ ಅನ್ನುತ್ತದೆ. ಇನ್ನೊಮ್ಮೆ, ಇನ್ನೊಮ್ಮೆ ಅನ್ನುತ್ತಾರೆ.

ಉಳಿದ ಸಿಪ್ಪೆ ಎಸೆಯಬೇಡಿ, ಗೊಜ್ಜು ಮಾಡಿ. ಒಳಗಿನ ಬಿಳಿ ಕೆರೆದು ಸಣ್ಣಗೆ ಹೆಚ್ಚಿ. ಒಂದು ಕುದಿ ಕುದಿಸಿ ಆ ನೀರು ಚೆಲ್ಲಿದರೆ ಕಹಿ ಕಡಿಮೆಯಾಗುತ್ತದೆ. ಸಾಸಿವೆ, ಮೆಂತ್ಯ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಹುರಿದು ಹುಣಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಗಟ್ಟಿಯಾಗುವ ತನಕ ಕುದಿಸಿ. ಹುಳಿ ಸಾಲದಿದ್ದರೆ ಆಮೇಲೆ ಸೇರಿಸಿ, ಮೊದಲೇ ಜಾಸ್ತಿ ಹಾಕಬೇಡಿ. ಮರುದಿನ ಬೆಳಿಗ್ಗೆ ಅಕ್ಕಿ ರೊಟ್ಟಿಗೆ ಇನ್ನೂ ಚೆನ್ನಾಗಿರುತ್ತದೆ.