ದೇವಯ್ಯನವರ ಪದಕ 23 ವರ್ಷ ಎಲ್ಲಿತ್ತು?

ಹೋದ ಸಂಚಿಕೆಯಲ್ಲಿ, 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ತೀರಿಕೊಂಡ ವಾಯುಸೇನೆಯ ಪೈಲಟ್ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟಕ್ಕೇ ಪತ್ರಗಳು ಬಂದು ಬಿದ್ದಿವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ದೇವಯ್ಯನವರು ತೀರಿಕೊಂಡಿದ್ದು 1965ರಲ್ಲಿ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. 23 ವರ್ಷ ಸರ್ಕಾರ ಮಲಗಿತ್ತಾ?
*ಓದುಗರೊಬ್ಬರು, ಪೊನ್ನಂಪೇಟೆ*

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಈ ಒಂದು ವಿಷಯದಲ್ಲಿ ಸರ್ಕಾರವನ್ನು ಬೈದು ಪ್ರಯೋಜನವಿಲ್ಲ. ಅವತ್ತು ಏನಾಯಿತು ಅಂತ ಇಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

1965ರ ಸೆಪ್ಟೆಂಬರ್ 7, ಇನ್ನೂ ಬೆಳಕು ಹರಿದಿಲ್ಲ. ಪಂಜಾಬಿನ ಆದಂಪುರದಿಂದ ನಮ್ಮ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ. ಹೋಗಬೇಕಿದ್ದದ್ದು 12 ವಿಮಾನ. ಯಾವುದಾದರೂ ಕೈಕೊಟ್ಟರೆ ಇರಲಿ ಅಂತ ಹೆಚ್ಚುವರಿಯಾಗಿ ನಿಲ್ಲಿಸಿದ್ದ ವಿಮಾನದಲ್ಲಿ ದೇವಯ್ಯ ಕೂತಿದ್ದರು. ಅಂದರೆ ಎಲ್ಲ ಸರಿಯಾಗಿದ್ದಿದ್ದರೆ ಅವರು ಹೋಗುವ ಮಾತೇ ಇರಲಿಲ್ಲ! ಒಂದು ಜಾಗ ಖಾಲಿಯಾಯಿತು, ಅವರು ಹೊರಟರು. ಆಗ ಅವರಿಗೆ 32 ವರ್ಷ. ಜೊತೆಯವರು ಸಲುಗೆಯಿಂದ 'ಟಬ್ಬಿ' ಅನ್ನುತ್ತಿದ್ದರು, ನಮ್ಮಲ್ಲಿ ಗುಂಡ ಅಂತ ಕರೆಯುತ್ತಾರಲ್ಲ, ಹಾಗೆ.

ಕತ್ತಲು, ನೆಲಕ್ಕೆ ತಾಗುವ ಹಾಗೆ ಹಾರಾಟ, ರೇಡಿಯೋದಲ್ಲಿ ಮಾತಾಡುವಂತಿಲ್ಲ. ದಾಳಿ ಮುಗಿಸಿ ವಾಪಸ್ ಬಂದವರು ಎಣಿಸಿ ನೋಡಿದರೆ ಒಂದು ವಿಮಾನ ಕಡಿಮೆ. ದೇವಯ್ಯ ಬರಲಿಲ್ಲ. ನೆಲದಿಂದ ಹೊಡೆದ ಗುಂಡು ತಾಗಿತೋ, ಇಂಧನ ಮುಗಿಯಿತೋ, ಯಾರು ಹೇಳಬೇಕು? ಕಡತದಲ್ಲಿ 'ನಾಪತ್ತೆ' ಅಂತ ಬರೆದರು. ಮನೆಯವರಿಗೂ ಅದೇ ಸುದ್ದಿ ಹೋಯಿತು. ಸತ್ತರು ಅಂತಾದರೆ ಅತ್ತು ಮುಗಿಸಬಹುದು, ನಾಪತ್ತೆ ಅಂದರೆ ಹೆಂಡತಿ ಮಕ್ಕಳು ಎಷ್ಟು ವರ್ಷ ಬಾಗಿಲು ನೋಡುತ್ತಾ ಕೂರಬೇಕು ಹೇಳಿ.

1979ರಲ್ಲಿ ಜಾನ್ ಫ್ರಿಕರ್ ಅನ್ನುವ ಬ್ರಿಟಿಷ್ ಲೇಖಕರು ಆ ಯುದ್ಧದ ವೈಮಾನಿಕ ಕಾಳಗಗಳ ಬಗ್ಗೆ ಪುಸ್ತಕ ತಂದರು. ಅವರಿಗೆ ಮಾಹಿತಿ ಸಿಕ್ಕಿದ್ದು ಪಾಕಿಸ್ತಾನದ ಕಡೆಯಿಂದ. ಸರ್ಗೋಧಾ ಹತ್ತಿರ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ವಿಮಾನ ಅವತ್ತು ಬಿದ್ದಿತ್ತು, ಅದನ್ನು ಬೀಳಿಸಿದ್ದು ಒಂಟಿಯಾಗಿ ಹಿಂದುಳಿದ ಭಾರತದ ಮಿಸ್ಟೇರ್ ಅನ್ನುವ ಸಂಗತಿ ಅದರಲ್ಲಿತ್ತು. ಇಲ್ಲಿ ಲೆಕ್ಕ ಹಾಕಿ ನೋಡಿದರು. ಅವತ್ತು ಅಲ್ಲಿಂದ ವಾಪಸ್ ಬಾರದ ಮಿಸ್ಟೇರ್ ಒಂದೇ ಒಂದು. ವಾಯುಸೇನೆ ಮತ್ತೆ ವಿಚಾರಿಸಿತು, ತನೇಜಾ ಅವರೂ ಸರ್ಕಾರಕ್ಕೆ ಬರೆದರು. ಕೊನೆಗೆ 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು, ಅವರ ಪತ್ನಿ ಸ್ವೀಕರಿಸಿದರು. ವಾಯುಸೇನೆಯಲ್ಲಿ ಮರಣೋತ್ತರವಾಗಿ ಈ ಪದಕ ಪಡೆದವರು ದೇವಯ್ಯ ಒಬ್ಬರೇ.

ಹೊಟ್ಟೆ ಉರಿಸುವ ವಿಷಯ ಇನ್ನೊಂದಿದೆ. ಆ ಸ್ಟಾರ್‌ಫೈಟರ್ ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವತ್ತು ಪ್ಯಾರಾಚೂಟಿನಲ್ಲಿ ಹಾರಿ ಬದುಕಿದರು. 1971ರ ಡಿಸೆಂಬರಿನಲ್ಲಿ ಅಮೃತಸರದ ಹತ್ತಿರ ಮತ್ತೆ ಅವರ ವಿಮಾನ ಬಿತ್ತು, ಈ ಸಲ ನಮ್ಮ ಕೈಗೆ ಸಿಕ್ಕಿ ಯುದ್ಧಕೈದಿಯಾದರು. ಅಂದರೆ ದೇವಯ್ಯನವರ ಶೌರ್ಯವನ್ನು ಎದುರಿಗೇ ನಿಂತು ನೋಡಿದ ಮನುಷ್ಯ ನಮ್ಮಲ್ಲೇ ಕೈದಿಯಾಗಿ ಇದ್ದು ಹೋದ. ವಿಷಯ ಮಾತ್ರ ಹೊರಗೆ ಬರಲು ಇನ್ನೂ ಎಂಟು ವರ್ಷ ಹಿಡಿಯಿತು.

ಪ್ರಶ್ನೆ: ಮಿಸ್ಟೇರ್ ಹಳೇ ವಿಮಾನ. ಸ್ಟಾರ್‌ಫೈಟರ್ ಶಬ್ದಕ್ಕಿಂತ ಎರಡು ಪಟ್ಟು ವೇಗದ್ದು. ಇದು ನಂಬುವ ಮಾತಾ? ಸಿನಿಮಾದವರು ಕಟ್ಟಿದ್ದಲ್ವಾ?
*ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು*

2025ರ ಹಿಂದಿ ಸಿನಿಮಾ ನೋಡಿ ಬರೆದಿದ್ದೀರಿ ಅನಿಸುತ್ತದೆ. ಸಿನಿಮಾ ಬದಿಗಿಡಿ, ಅದರಲ್ಲಿ ಹೆಸರನ್ನೇ ಬದಲಾಯಿಸಿದ್ದಾರೆ. ಆದರೆ ಕಾಳಗ ನಡೆದದ್ದು ನಿಜ, ಮತ್ತು ಅದನ್ನು ಒಪ್ಪಿಕೊಂಡಿದ್ದು ಸೋತ ಕಡೆಯವರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ನೀವು ಕೇಳಿದ ವೇಗದ ಲೆಕ್ಕ ಸರಿಯಾಗಿಯೇ ಇದೆ. ಮಿಸ್ಟೇರ್ ಫ್ರಾನ್ಸಿನ ಡಸ್ಸಾಲ್ಟ್ ಕಂಪನಿಯದು, ನೇರ ಹಾರಾಟದಲ್ಲಿ ಶಬ್ದದ ವೇಗ ದಾಟುತ್ತಿರಲಿಲ್ಲ. ಸ್ಟಾರ್‌ಫೈಟರ್ ಅಮೆರಿಕದ್ದು, ಸೈಡ್‌ವಿಂಡರ್ ಕ್ಷಿಪಣಿ ಬೇರೆ ಇತ್ತು. ಆದರೆ ಅದರ ರೆಕ್ಕೆ ನೋಡಿದ್ದೀರಾ? ಈ ತುದಿಯಿಂದ ಆ ತುದಿಗೆ ಏಳು ಮೀಟರ್ ಕೂಡ ಇಲ್ಲ. ಮೇಲೆ ನೇರವಾಗಿ ನುಗ್ಗುವುದಕ್ಕೆ ಮಾಡಿದ ವಿಮಾನ ಅದು. ಕೆಳಗೆ, ನಿಧಾನದಲ್ಲಿ, ಸುತ್ತಿ ಸುತ್ತಿ ಹೊಡೆದಾಡಲು ಹೋದರೆ ತಿರುಗುವುದಕ್ಕೇ ಒದ್ದಾಡುತ್ತದೆ. ನಮ್ಮ ಘಾಟಿ ರಸ್ತೆಯ ತಿರುವಿನಲ್ಲಿ ರೇಸ್ ಕಾರು ತಂದು ಬಿಟ್ಟ ಹಾಗೆ.

ಅಮ್ಜದ್ ಬಿಟ್ಟ ಕ್ಷಿಪಣಿ ಗುರಿ ತಪ್ಪಿ ನೆಲಕ್ಕೆ ಬಿತ್ತು. ಆಮೇಲೆ ಗುಂಡು ಹಾರಿಸಿದರು, ಅದು ಮಿಸ್ಟೇರಿಗೆ ತಾಗಿತು. ಇದರ ಕಥೆ ಮುಗಿಯಿತು ಅಂದುಕೊಂಡು ಬೇರೆಯವರ ಬೆನ್ನು ಹತ್ತಿದರು. ಅಲ್ಲೇ ಎಡವಿದ್ದು. ಪೆಟ್ಟು ತಿಂದ ಮಿಸ್ಟೇರ್ ಬಿದ್ದಿರಲಿಲ್ಲ, ಅದು ತಿರುಗಿ ಅವರ ಮೇಲೇ ಬಂತು. ಆಗ ದೇವಯ್ಯನವರ ಮುಂದೆ ಎರಡು ದಾರಿ ಇದ್ದವು, ಗಡಿಯ ಕಡೆ ಮೂತಿ ಮಾಡಿ ಓಡಬಹುದಿತ್ತು, ಅಥವಾ ತಮ್ಮವರನ್ನು ಬೆನ್ನಟ್ಟುತ್ತಿರುವವನನ್ನು ತಡೆಯಬಹುದಿತ್ತು. ಮಿಸ್ಟೇರಿಗೆ ಸರ್ಗೋಧಾ ಅಂದರೆ ಹೋಗಿ ಬರುವಷ್ಟಕ್ಕೆ ಮಾತ್ರ ಇಂಧನ, ಜಗಳಕ್ಕೆ ಅಂತ ಜಾಸ್ತಿ ಇರುವುದಿಲ್ಲ. ತಿರುಗಿ ನಿಂತರೆ ಮನೆ ಸೇರುವುದಿಲ್ಲ ಅಂತ ಪೈಲಟ್ ತರಬೇತಿ ಕೊಡುತ್ತಿದ್ದ ಮನುಷ್ಯನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ತಿರುಗಿದರು. ಅವರ 30 ಮಿಲಿಮೀಟರ್ ಗುಂಡುಗಳು ಸ್ಟಾರ್‌ಫೈಟರನ್ನು ಹರಿದವು.

ಪ್ರಶ್ನೆ: ಹಾಗಾದರೆ ಪರಮವೀರ ಚಕ್ರವನ್ನೇ ಕೊಡಬೇಕಿತ್ತು. ದಕ್ಷಿಣದವರು ಅಂತ ಕೊಡಲಿಲ್ಲವಾ?
*ಓದುಗರೊಬ್ಬರು, ತುಮಕೂರು*

ಆ ಮಾತು ಬೇಡ ಸ್ವಾಮಿ. ಯುದ್ಧದ ಶೌರ್ಯ ಪದಕಗಳಲ್ಲಿ ಪರಮವೀರ ಚಕ್ರ ಎಲ್ಲಕ್ಕಿಂತ ದೊಡ್ಡದು, ಅದರ ಕೆಳಗೆ ಮಹಾವೀರ ಚಕ್ರ, ಆಮೇಲೆ ವೀರ ಚಕ್ರ. ವಾಯುಸೇನೆಗೆ ಇವತ್ತಿನವರೆಗೆ ಬಂದಿರುವ ಪರಮವೀರ ಚಕ್ರವೇ ಒಂದು. ಅದು ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೇಖೋಂ ಅವರದು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಪಾಕಿಸ್ತಾನದ ಆರು ಸೇಬರ್ ವಿಮಾನ ಬಂದಾಗ, ಬಾಂಬ್ ಬೀಳುತ್ತಿರುವ ರನ್‌ವೇಯಿಂದಲೇ ತಮ್ಮ ಪುಟ್ಟ ನ್ಯಾಟ್ ವಿಮಾನ ಎಬ್ಬಿಸಿ ಹೋದರು. ಒಬ್ಬರೇ ಕಾದರು, ಅಲ್ಲೇ ಪ್ರಾಣ ಬಿಟ್ಟರು. ಅವರ ದೇಹ ಸಿಗಲಿಲ್ಲ.

ಈಗ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೇಖೋಂ ಕಾದಿದ್ದು ಶ್ರೀನಗರದ ನೆತ್ತಿಯ ಮೇಲೆ. ನೆಲದ ಮೇಲಿದ್ದವರು ನೋಡಿದರು, ರೇಡಿಯೋದಲ್ಲಿ ದನಿ ಕೇಳಿತು. ದೇವಯ್ಯ ಕಾದಿದ್ದು ಶತ್ರುವಿನ ನೆಲದ ಮೇಲೆ, ತಮ್ಮವರೆಲ್ಲ ಮುಂದೆ ಹೋದ ಮೇಲೆ. ಪದಕದ ಶಿಫಾರಸು ಶುರುವಾಗುವುದೇ ಸ್ಕ್ವಾಡ್ರನ್ನಿನ ಕಮಾಂಡರ್ ಬರೆಯುವ ಒಂದು ಹಾಳೆಯಿಂದ, ಇಂಥ ದಿನ ಇಂಥವರು ಹೀಗೆ ಮಾಡಿದರು ಅಂತ. ಅದು ವಾಯುಸೇನೆಯ ಮುಖ್ಯ ಕಚೇರಿ, ರಕ್ಷಣಾ ಸಚಿವಾಲಯ ದಾಟಿ ರಾಷ್ಟ್ರಪತಿಯವರ ತನಕ ಹೋಗಬೇಕು. ಮೊದಲ ಹಾಳೆಯಲ್ಲೇ ಬರೆಯಲು ಏನೂ ಇಲ್ಲದಿದ್ದರೆ? ಕಾಲಾಳು ಸೈನಿಕನ ಪಕ್ಕದಲ್ಲಿ ಇನ್ನೊಬ್ಬ ಇರುತ್ತಾನೆ. ಫೈಟರ್ ಪೈಲಟ್ ಒಬ್ಬನೇ ಕೂರುತ್ತಾನೆ. ಬಂದೂಕಿನ ಜೊತೆ ಓಡುವ ಕ್ಯಾಮೆರಾದ ಫಿಲ್ಮೂ ವಿಮಾನದ ಜೊತೆಗೇ ಹೋಗುತ್ತದೆ.

ನನ್ನನ್ನು ಕೇಳಿದರೆ ದೇವಯ್ಯನವರದ್ದು ಪರಮವೀರ ಚಕ್ರಕ್ಕೂ ಸಲ್ಲುವ ಕೆಲಸ. ಆದರೆ ವೈರಿ ಕೊಟ್ಟ ಸಾಕ್ಷಿಯಿಂದ ಪದಕ ಬಂತಲ್ಲ, ಅದರ ತೂಕ ಬೇರೆಯೇ ಅನಿಸುತ್ತದೆ.

ಪ್ರಶ್ನೆ: ಎಷ್ಟು ವಿಮಾನ ಹೊಡೆದರೆ ಯಾವ ಪದಕ ಅಂತ ಲೆಕ್ಕ ಇದೆಯಾ?
*ಏಳನೇ ಕ್ಲಾಸಿನ ಹುಡುಗ, ಶಿವಮೊಗ್ಗ*

ಇಲ್ಲ ಮರಿ, ಅದು ಕ್ರಿಕೆಟ್ ಸ್ಕೋರ್ ಅಲ್ಲ. ಐದು ವಿಮಾನ ಬೀಳಿಸಿದವರನ್ನು 'ಏಸ್' ಅನ್ನುತ್ತಾರೆ, ಆದರೆ ಅದು ರೂಢಿಯಲ್ಲಿ ಬಂದ ಹೆಸರು ಅಷ್ಟೇ, ಪದಕವಲ್ಲ. ನಮ್ಮವರಲ್ಲಿ ಇಂದ್ರಲಾಲ್ ರಾಯ್ ಅಂತ ಒಬ್ಬರಿದ್ದರು. ಮೊದಲ ಮಹಾಯುದ್ಧದಲ್ಲಿ, 1918ರ ಜುಲೈ ತಿಂಗಳಿನಲ್ಲಿ, ಎರಡೇ ವಾರದೊಳಗೆ ಹತ್ತು ಗೆಲುವು ಅವರ ಹೆಸರಿಗೆ ಬಂದವು. ಅದೇ ತಿಂಗಳ 22ಕ್ಕೆ ಫ್ರಾನ್ಸಿನಲ್ಲಿ ಸತ್ತರು, ವಯಸ್ಸು 19. ಬ್ರಿಟಿಷರ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪಡೆದ ಮೊದಲ ಭಾರತೀಯ ಅವರೇ.

ಈಗ ಇದಕ್ಕೆ ಉಲ್ಟಾ ಒಂದು ಹೇಳುತ್ತೇನೆ. ವಿಂಗ್ ಕಮಾಂಡರ್ ಜಗಮೋಹನ್ ನಾಥ್ ಒಂದೂ ವಿಮಾನ ಬೀಳಿಸಲಿಲ್ಲ. ಅವರ ಕ್ಯಾನ್‌ಬೆರಾ ವಿಮಾನದಲ್ಲಿ ಬಂದೂಕೇ ಇರಲಿಲ್ಲ, ಕ್ಯಾಮೆರಾ ಇತ್ತು! ಶತ್ರುವಿನ ತಲೆಯ ಮೇಲೆ ಹೋಗಿ ಫೋಟೋ ತೆಗೆದುಕೊಂಡು ಬರುವುದು ಅವರ ಕೆಲಸ. ಅವರಿಗೆ ಮಹಾವೀರ ಚಕ್ರ ಎರಡು ಸಲ ಬಂತು, 1962ರಲ್ಲಿ ಒಮ್ಮೆ, 1965ರಲ್ಲಿ ಇನ್ನೊಮ್ಮೆ.

ಬಿತ್ತು ಅಂದುಕೊಂಡ ವಿಮಾನ ಬೀಳದೇ ಇರುವುದೂ ಉಂಟು. 1965ರ ಸೆಪ್ಟೆಂಬರ್ 3ರಂದು ನಮ್ಮ ಪೈಲಟ್ ಟ್ರೆವರ್ ಕೀಲರ್ ನ್ಯಾಟ್ ವಿಮಾನದಲ್ಲಿ ಹೋಗಿ ಸೇಬರ್ ಒಂದಕ್ಕೆ ಹೊಡೆದರು, ವೀರ ಚಕ್ರ ಬಂತು, ದೇಶವೇ ಕುಣಿಯಿತು. ಆ ಸೇಬರ್ ಹೇಗೋ ಕುಂಟಿಕೊಂಡು ಮನೆ ಸೇರಿತು ಅಂತ ಪಾಕಿಸ್ತಾನದವರು ಹೇಳುತ್ತಾರೆ. ಇರಬಹುದು. ಅದರಿಂದ ಕೀಲರ್ ಧೈರ್ಯ ಕಡಿಮೆಯಾಗುವುದಿಲ್ಲ. ಅವರ ಅಣ್ಣ ಡೆಂಜಿಲ್ ಅವರಿಗೂ ಅದೇ ತಿಂಗಳ 19ರ ಕಾಳಗಕ್ಕೆ ವೀರ ಚಕ್ರ ಬಂತು. ಆ ಕಡೆ ನೋಡಿದರೆ, ದೇವಯ್ಯ ತೀರಿಕೊಂಡ ದಿನವೇ ಸರ್ಗೋಧಾದ ಮೇಲೆ ತಮ್ಮ ಪೈಲಟ್ ಎಂ. ಎಂ. ಆಲಂ ಒಂದೇ ಏಟಿಗೆ ಐದು ಭಾರತೀಯ ವಿಮಾನ ಬೀಳಿಸಿದರು ಅಂತ ಪಾಕಿಸ್ತಾನ ಸಾರಿತು. ಐದರ ಆ ಲೆಕ್ಕವನ್ನು ನಮ್ಮವರು ಇವತ್ತಿಗೂ ಒಪ್ಪುವುದಿಲ್ಲ. ಒಂದೇ ಊರು, ಒಂದೇ ದಿನ. ಐದು ಅಂದವರಿಗೆ ಕೂಡಲೇ ಹೆಸರು ಬಂತು. ಒಂದನ್ನು ಬೀಳಿಸಿದವರು ಹೇಳಿಕೊಳ್ಳಲು ವಾಪಸ್ಸೇ ಬರಲಿಲ್ಲ.

ಪ್ರಶ್ನೆ: ನಮ್ಮ ದೊಡ್ಡಪ್ಪ ಏರ್‌ಫೋರ್ಸಿನಲ್ಲಿದ್ದರು. ಅವರ ಟ್ರಂಕಿನಲ್ಲಿ ಐದಾರು ಮೆಡಲ್ ಸಿಕ್ಕಿವೆ. ವೀರ ಚಕ್ರ ಬಂದಿತ್ತು ಅಂತ ಮನೆಯಲ್ಲಿ ಹೇಳುತ್ತಾರೆ. ಗೊತ್ತುಮಾಡುವುದು ಹೇಗೆ?
*ಗೃಹಿಣಿ, ಹಾಸನ*

ಮೊದಲು ಒಂದು ಮಾತು ಕೇಳಿ, ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೇವರ ದೀಪ ಬೇರೆ, ಇದು ಬೇರೆ. ಮೆಡಲಿನ ಅಂಚಿನಲ್ಲಿ ಸಾಮಾನ್ಯವಾಗಿ ನಂಬರು ಮತ್ತು ಹೆಸರು ಸಣ್ಣಗೆ ಕೊರೆದಿರುತ್ತಾರೆ, ತಿಕ್ಕಿದರೆ ಅದು ಸವೆಯುತ್ತದೆ. ಭೂತಗನ್ನಡಿ ಹಿಡಿದು ಓದಿ.

ಆಮೇಲೆ ಪಟ್ಟಿಯ ಬಣ್ಣ ನೋಡಿ. ಪರಮವೀರ ಚಕ್ರ ಕಂಚಿನದು, ಪಟ್ಟಿ ಪೂರ್ತಿ ನೇರಳೆ. ಮಹಾವೀರ ಚಕ್ರ ಬೆಳ್ಳಿಯದು, ಪಟ್ಟಿ ಅರ್ಧ ಬಿಳಿ, ಅರ್ಧ ಕೇಸರಿ. ವೀರ ಚಕ್ರವೂ ಬೆಳ್ಳಿಯದೇ, ಪಟ್ಟಿ ಅರ್ಧ ಕಡುನೀಲಿ, ಅರ್ಧ ಕೇಸರಿ. ಹಿಂಬದಿಯಲ್ಲಿ ಪದಕದ ಹೆಸರೇ ಬರೆದಿರುತ್ತದೆ. ಈ ಮೂರನ್ನೂ 1950ರ ಜನವರಿ 26ರಂದು ಶುರು ಮಾಡಿದರು, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ.

ನೀವು ಕಳಿಸಿದ ಫೋಟೋದಲ್ಲಿ ಕಾಣುವುದು ರಕ್ಷಾ ಮೆಡಲ್ 1965, 1971ರ ಯುದ್ಧದ ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. ಇವು ಆ ಹೊತ್ತಿನಲ್ಲಿ ಸೇವೆಯಲ್ಲಿದ್ದದ್ದಕ್ಕೆ ಕೊಟ್ಟವು, ಶೌರ್ಯ ಪದಕಗಳಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ದೊಡ್ಡಪ್ಪ ಎರಡು ಯುದ್ಧ ಕಂಡವರು ಅನ್ನುವುದು ಇದರಿಂದಲೇ ಗೊತ್ತಾಯಿತಲ್ಲ. ವೀರ ಚಕ್ರದ ಮಾತು ನಿಜವಾ ಅಂತ ಖಚಿತ ಮಾಡಿಕೊಳ್ಳಬೇಕಾದರೆ, ಅಂಥ ಪ್ರತಿ ಪದಕವೂ ಭಾರತದ ಗೆಜೆಟ್‌ನಲ್ಲಿ ಅಚ್ಚಾಗಿರುತ್ತದೆ. ಅವರ ಸರ್ವೀಸ್ ನಂಬರ್ ಹಿಡಿದು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಪದಕದ ಜೊತೆ ದುಡ್ಡೂ ಬರುತ್ತದಾ?
*ಓದುಗರೊಬ್ಬರು, ದಾವಣಗೆರೆ*

ಬರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಮೊತ್ತವನ್ನು ಎರಡು ಪಟ್ಟು ಮಾಡಿತು. ಆಗ ಪರಮವೀರ ಚಕ್ರಕ್ಕೆ ತಿಂಗಳಿಗೆ 20,000, ಮಹಾವೀರ ಚಕ್ರಕ್ಕೆ 10,000, ವೀರ ಚಕ್ರಕ್ಕೆ 7,000 ರೂಪಾಯಿ ಆಯಿತು. ರಾಜ್ಯ ಸರ್ಕಾರಗಳು ಕೊಡುವುದು ಬೇರೆ.

ಪ್ರಶ್ನೆ: ದೇವಯ್ಯನವರ ದೇಹ ಕೊನೆಗೂ ಸಿಕ್ಕಿತಾ? ಮಡಿಕೇರಿಯ ದೇವಯ್ಯ ಸರ್ಕಲ್ ಇವರದ್ದೇನಾ?
*ಓದುಗರೊಬ್ಬರು, ಸೋಮವಾರಪೇಟೆ*

ಸರ್ಕಲ್ ಇವರದ್ದೇ, ಅಲ್ಲಿರುವ ಪ್ರತಿಮೆಯೂ ಇವರದ್ದೇ. ಅಜ್ಜಮಾಡ ಅನ್ನುವುದು ಮನೆತನದ ಹೆಸರು, ಕೊಡವರಲ್ಲಿ ಅದು ಮುಂದೆ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ದೇಹ ಊರಿಗೆ ಬರಲಿಲ್ಲ. ವಿಮಾನ ಬಿದ್ದ ಹಳ್ಳಿಯ ಜನರೇ ಅವರನ್ನು ಅಲ್ಲಿನ ಹೊಲದಲ್ಲಿ ಮಣ್ಣು ಮಾಡಿದರು.