ಮರವಂತೆಯಲ್ಲಿ ಇಪ್ಪತ್ತೇ ನಿಮಿಷ ಯಾಕೆ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಎರಡು ಸಲ ಸಿಟ್ಟು ಬಂತು. ಮೂರನೇ ಸಲ ನಗು ಬಂತು, ಆಮೇಲೆ ಮತ್ತೆ ಸಿಟ್ಟು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ಈ ಸಲದ ಜಾಗವೆಲ್ಲ ಇವರಿಗೇ.

ಬರೆದವರು ತುಮಕೂರು ಕಡೆಯ ಹೈಸ್ಕೂಲ್ ಟೀಚರ್. ವಯಸ್ಸು 43. ಮಗಳು ಹಾಸ್ಟೆಲ್ ಸೇರಿದ ಮೇಲೆ ಮನೆ ಖಾಲಿ ಅನಿಸಿದೆ. ಗೆಳತಿಯೊಬ್ಬರು ‘ಒಬ್ಬಳೇ ಎಲ್ಲಾದ್ರೂ ಹೋಗಿ ಬಾರೇ, ನಿನ್ನನ್ನ ನೀನು ಕಂಡ್ಕೋತೀಯ’ ಅಂದಿದ್ದಾರೆ. ಸರಿ, ಡಿಸೆಂಬರಿನಲ್ಲಿ ರಜೆ ಹಾಕಿ, ಸ್ವಂತ ದುಡ್ಡಿನಲ್ಲಿ, ಮಂಗಳೂರಿನಿಂದ ಕಾರವಾರದವರೆಗೆ ಐದು ದಿನ ಕಾರು ಓಡಿಸಿಕೊಂಡು ಹೋಗಿ ಬಂದಿದ್ದಾರೆ. ಈಗ ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ‘ಏನ್ ಮೇಡಂ, ಸಿಕ್ಕಿದ್ರಾ?’ ಇವರು ‘ಹೂಂ, ತುಂಬಾ ಬದಲಾದೆ’ ಎಂದು ಸುಳ್ಳು ಹೇಳುತ್ತಾ ಬಂದಿದ್ದಾರೆ. ನನಗೆ ಬರೆದದ್ದು ನಿಜ: ‘ಏನೂ ಸಿಗಲಿಲ್ಲ. ಹುಡುಕಿದ್ದು ಸಾಲಲಿಲ್ವೋ, ಸಿಗೋದಕ್ಕೆ ನನ್ನೊಳಗೆ ಏನೂ ಇಲ್ವೋ ಗೊತ್ತಾಗ್ತಿಲ್ಲ. ಈ ಸಲ ಕನ್ಯಾಕುಮಾರಿವರೆಗೂ ಹೋಗಿಬಿಡ್ಲಾ?’

ಹೋಗಬಹುದು. ರಾಷ್ಟ್ರೀಯ ಹೆದ್ದಾರಿ 66 ಮಹಾರಾಷ್ಟ್ರದ ಪನ್ವೇಲಿನಿಂದ ಕನ್ಯಾಕುಮಾರಿವರೆಗೆ ಸುಮಾರು 1,600 ಕಿಲೋಮೀಟರ್ ಇದೆ. ಹಳಬರ ಬಾಯಲ್ಲಿ ಅದು ಇನ್ನೂ 17ನೇ ನಂಬರೇ. ಆದರೆ ಮಂಗಳೂರಿಂದ ಕಾರವಾರದವರೆಗಿನ 270 ಕಿಲೋಮೀಟರಿನಲ್ಲಿ ಆಗದ್ದು 1,600ರಲ್ಲಿ ಆಗುತ್ತದೆ ಎಂದು ನಿಮಗೆ ಯಾರು ಹೇಳಿದರು?

ಮೊದಲು ನಿಮ್ಮ ಯಜಮಾನರ ವಿಷಯ ಮುಗಿಸಿಬಿಡೋಣ. ಪತ್ರದ ಎರಡು ಪುಟ ಅವರ ಮೇಲಿನ ದೂರೇ ಇದೆ. ‘ಹೋಗಿ ಬಾ’ ಎಂದು ಎರಡೇ ಮಾತು ಹೇಳಿದರು. ದಾರಿಯಲ್ಲಿ ಒಂದು ಸಲವೂ ತಾವಾಗಿ ಫೋನ್ ಮಾಡಲಿಲ್ಲ. ಬಂದ ಮೇಲೆ ‘ಹೇಗಿತ್ತು’ ಎಂದು ಕೇಳಲಿಲ್ಲ. ಹೊರಡುವ ಹಿಂದಿನ ದಿನ ಕಾರಿನ ಟೈರಿಗೆ ಗಾಳಿ ಹಿಡಿಸಿ, ಸ್ಟೆಪ್ನಿ ನೋಡಿ, ಒರೆಸೋ ಬಟ್ಟೆ ಮಡಚಿ ಇಟ್ಟಿದ್ದರು ಅನ್ನುವುದನ್ನು ಮಾತ್ರ ಬ್ರಾಕೆಟ್ಟಿನೊಳಗೆ ಬರೆದಿದ್ದೀರಿ. ತಾಯಿ, ಆ ಬ್ರಾಕೆಟ್ ತೆಗೆಯಿರಿ. ಇಡೀ ಮನೆಯಲ್ಲಿ ನಿಮ್ಮನ್ನು ನಿಮ್ಮ ಪಾಡಿಗೆ ಬಿಟ್ಟವರು ಅವರೊಬ್ಬರೇ. ಅವರ ಮೇಲಿನ ಕೇಸು ಇಲ್ಲಿಗೆ ವಜಾ.

ಈಗ ನನ್ನ ಕಣ್ಣು ಕುಕ್ಕಿದ ಸಾಲಿಗೆ ಬರುತ್ತೇನೆ. ಮೂರನೇ ಪುಟದ ಕೊನೆಯಲ್ಲಿ, ಉಡುಪಿಯ ರೂಮಿನ ಬಿಸಿನೀರಿಗೂ ಮುರುಡೇಶ್ವರದ ಪಾರ್ಕಿಂಗಿಗೂ ನಡುವೆ, ಇದು ಇದೆ: ‘ಮರವಂತೆಯಲ್ಲಿ ಸೂರ್ಯ ಮುಳುಗೋವರೆಗೂ ಕೂತಿರೋಣ ಅನ್ಕೊಂಡಿದ್ದೆ. ಆದ್ರೆ ಗ್ರೂಪಿನಲ್ಲಿ ಎಲ್ಲರೂ ಲೊಕೇಶನ್ ನೋಡ್ತಿದ್ರಲ್ಲ, ಜಾಸ್ತಿ ಹೊತ್ತು ನಿಲ್ಲೋಕೆ ಮುಜುಗರ ಆಯ್ತು. ಇಪ್ಪತ್ತು ನಿಮಿಷಕ್ಕೆ ಹೊರಟೆ.’

ಆಮೇಲೆ ಸೀದಾ ಮುರುಡೇಶ್ವರದ 123 ಅಡಿಯ ಶಿವನಿಗೆ ಹೋಗಿಬಿಟ್ಟಿದ್ದೀರಿ. ಇಷ್ಟು ದೊಡ್ಡ ವಿಷಯವನ್ನು ಪಾರ್ಕಿಂಗ್ ಪಕ್ಕದಲ್ಲಿ ನಿಲ್ಲಿಸಿ ಹೋದರೆ ಹೇಗೆ?

ಓದುಗರಿಗೆ ಸ್ವಲ್ಪ ವಿವರ ಬೇಕು. ಇವರ ಮನೆಯವರದ್ದೊಂದು ವಾಟ್ಸ್ಆ್ಯಪ್ ಗ್ರೂಪ್ ಇದೆ. ಹದಿನೇಳು ಜನ. ಇವರು ಐದೂ ದಿನ ಅದರಲ್ಲಿ ಲೈವ್ ಲೊಕೇಶನ್ ಹಾಕಿಕೊಂಡೇ ಓಡಾಡಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ಅದನ್ನು ಒಂದು ಸಲಕ್ಕೆ ಹೆಚ್ಚೆಂದರೆ ಎಂಟು ಗಂಟೆ ಹಾಕಬಹುದು. ಅಂದರೆ ಅವಧಿ ಮುಗಿದಾಗಲೆಲ್ಲ ಮತ್ತೆ ಹಾಕಬೇಕು. ಇವರು ಸಂಜೆ ಕುಮಟಾ ಹತ್ತಿರ ಗಾಡಿ ಸೈಡಿಗೆ ಹಾಕಿ, ಕನ್ನಡಕ ಹುಡುಕಿ, ಲೊಕೇಶನ್ ಮತ್ತೆ ಹಾಕಿ, ‘ಸಾರಿ, ಈಗ ನೋಡಿದೆ’ ಎಂದು ಬರೆದು ಹೊರಟಿದ್ದಾರೆ. ಯಾರಿಗೆ ಸಾರಿ? ಯಾಕೆ ಸಾರಿ?

ಇನ್ನು ಆ ಗ್ರೂಪಿನಲ್ಲಿ ಬಂದ ಮಾತುಗಳು. ‘ಮರವಂತೇಲಿ ಯಾಕೆ ನಿಂತಿದೀಯಮ್ಮಾ, ಗಾಡಿ ಏನಾದ್ರೂ ಕೈ ಕೊಡ್ತಾ?’ ‘ಬೈಂದೂರು ದಾಟಿದ್ರೆ ಬಂಕ್ ಸಿಗಲ್ಲ, ಈಗ್ಲೇ ಹಾಕಿಸ್ಕೋ.’ ‘ಮಿರ್ಜಾನ್ ಕೋಟೆಗೆ ಅರ್ಧ ಗಂಟೆ ಸಾಕು, ಇಲ್ಲಾಂದ್ರೆ ಗೋಕರ್ಣ ತಪ್ಪುತ್ತೆ.’ ಎಲ್ಲವೂ ಒಬ್ಬರದ್ದೇ. ನಿಮ್ಮ ಭಾವನವರದ್ದು. ರಿಟೈರ್ ಆಗಿರುವ ಭಾವನವರು ನಿಮ್ಮ ಪ್ರವಾಸಕ್ಕೆ ಎಕ್ಸೆಲ್ ಶೀಟ್ ಮಾಡಿಕೊಟ್ಟಿದ್ದರಂತೆ. ಐದು ದಿನ, ಹದಿನಾಲ್ಕು ಜಾಗ, ಪ್ರತಿ ಜಾಗಕ್ಕೂ ಟೈಮು. ಅವರು ಕರಾವಳಿ ನೋಡಿದ್ದು ಕಾಲೇಜಿನ ಟೂರಿನಲ್ಲಿ ಒಂದೇ ಸಲ ಎಂದೂ ನೀವೇ ಬರೆದಿದ್ದೀರಿ. ಹೆದ್ದಾರಿ 66ರಲ್ಲಿ ಪೆಟ್ರೋಲ್ ಬಂಕಿಗೆ ಬರ ಎಂದು ಹೇಳುವವರ ಮಾತು ಕೇಳಿ ನೀವು ಸೂರ್ಯಾಸ್ತ ಬಿಟ್ಟಿರಿ.

ಭಾವನವರು ಕೆಟ್ಟವರಲ್ಲ, ಗೊತ್ತು. ಪ್ರೀತಿಯಿಂದಲೇ ಮಾಡಿರುತ್ತಾರೆ. ಆದರೂ ನನಗೆ ಅವರ ಮೇಲೆ ಕನಿಕರ ಬರುತ್ತಿಲ್ಲ. ತಮಗೆ ಹೋಗಲಾಗದ ಪ್ರವಾಸವನ್ನು ನಿಮ್ಮ ಕಾರಿನಲ್ಲಿ, ನಿಮ್ಮ ಪೆಟ್ರೋಲಿನಲ್ಲಿ, ತಮ್ಮ ಸೋಫಾ ಮೇಲೆ ಕೂತು ಮಾಡಿ ಮುಗಿಸಿದರು. ನೀವು ಡ್ರೈವರ್ ಆದಿರಿ, ಅಷ್ಟೆ. ಡ್ರೈವರಿಗೆ ದಾರಿಯಲ್ಲಿ ಏನು ಸಿಗುತ್ತೆ ಹೇಳಿ?

ನನ್ನ ಅಂಕಣದ ಹಳೇ ಓದುಗರಿಗೆ ಈಗ ನಗು ಬಂದಿರುತ್ತದೆ. ‘ಶುರುವಾಯ್ತು ಇವರ ಗ್ರೂಪ್ ಪುರಾಣ’ ಅಂದುಕೊಂಡಿರುತ್ತೀರಿ. ಅನ್ನಿ. ಮನೆಯ ಗ್ರೂಪು ಮದುವೆ ತಾರೀಕು ತಿಳಿಸೋದಕ್ಕೆ, ಯಾರಿಗಾದರೂ ರಕ್ತ ಬೇಕಾದಾಗ ಕೇಳೋದಕ್ಕೆ, ಅಷ್ಟಕ್ಕೇ ಇರಬೇಕು ಎಂದು ಹತ್ತು ಸಲ ಬರೆದಿದ್ದೇನೆ. ಇದು ಹನ್ನೊಂದನೆಯದು. ನಾನು ಮೊದಲ ಸಲ ಒಬ್ಬಳೇ ಬಸ್ಸಿನಲ್ಲಿ ದೂರದೂರಿಗೆ ಹೋದಾಗ, ತಲುಪಿದ್ದೇನೆ ಎಂದು ಅಪ್ಪನಿಗೆ ಇನ್‌ಲ್ಯಾಂಡ್ ಲೆಟರ್ ಹಾಕಿದ್ದೆ. ಅದು ಮನೆ ಮುಟ್ಟಿದ್ದು ನಾನು ವಾಪಸ್ ಬಂದ ಮಾರನೇ ದಿನ. ಅಪ್ಪ ಅದನ್ನು ನನ್ನ ಎದುರಿಗೇ ಒಡೆದು ಗಟ್ಟಿಯಾಗಿ ಓದಿದರು. ಆ ನಡುವಿನ ನಾಲ್ಕು ದಿನ ನಾನು ಎಲ್ಲಿ ಕೂತೆ, ಎಷ್ಟು ಹೊತ್ತು ಕೂತೆ ಅನ್ನುವುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹೇಳುವಂಥದ್ದೇನೂ ಅಲ್ಲ, ಒಂದು ಕಟ್ಟೆ ಮೇಲೆ ಕೂತು ಕಡಲೆಕಾಯಿ ತಿಂದೆ. ಆದರೂ ಅದು ನನ್ನದು.

ನೀವು ಕಡಲನ್ನಾದರೂ ನೋಡಿದಿರಾ? ಅನುಮಾನ. ಕರಾವಳಿ ಹೆದ್ದಾರಿ ಅಂದರೆ ಉದ್ದಕ್ಕೂ ನೀರು ಕಾಣುತ್ತಿರುತ್ತದೆ ಎಂದು ಬಯಲುಸೀಮೆಯವರು ಅಂದುಕೊಳ್ಳುತ್ತಾರೆ. ನಿಜವಾಗಿ ಹೋದರೆ ಲಾರಿ, ಫ್ಲೈಓವರ್, ಸರ್ವಿಸ್ ರೋಡು, ಮಧ್ಯೆ ಮಧ್ಯೆ ತೆಂಗಿನ ಸಾಲು. ಹೊಳೆಗಳೇನೋ ಧಾರಾಳ ಸಿಗುತ್ತವೆ. ಉತ್ತರ ಕನ್ನಡ ಒಂದರಲ್ಲೇ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ, ನಾಲ್ಕು ದೊಡ್ಡ ಹೊಳೆ ದಾಟಬೇಕು. ಆದರೆ ಕಡಲು ತಾನಾಗಿ ರಸ್ತೆ ಪಕ್ಕಕ್ಕೆ ಬಂದು ನಿಲ್ಲುವ ಜಾಗ ಬೆರಳೆಣಿಕೆ. ಅದರಲ್ಲಿ ಮರವಂತೆಯದ್ದು ದೊಡ್ಡ ಹೆಸರು. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ.

ಈಗ ಒಂದು ಲೆಕ್ಕ ಹಾಕಿ. ನಮ್ಮ ಕಾರಿನಲ್ಲಿ ಸ್ಟೇರಿಂಗ್ ಬಲಕ್ಕೆ. ನೀವು ಹೊರಟದ್ದು ಉತ್ತರಕ್ಕೆ, ಹಾಗಾಗಿ ಕಡಲು ಎಡಕ್ಕೆ. ನಿಮ್ಮ ಕಿಟಕಿಗೆ ಬಂದದ್ದು ಹೊಳೆ. ಕಡಲು ಸಿಕ್ಕಿದ್ದು ಪಕ್ಕದ ಖಾಲಿ ಸೀಟಿಗೆ, ಅದರ ಮೇಲಿಟ್ಟ ಬ್ಯಾಗಿಗೆ. ಗಾಡಿ ಓಡಿಸುತ್ತಾ ಎಡಕ್ಕೆ ತಿರುಗಿ ನೋಡಿದರೆ ಎದುರಿನ ಲಾರಿ ಬಿಡುವುದಿಲ್ಲ. ಆ ದಾರಿಯಲ್ಲಿ ಒಬ್ಬರೇ ಹೋದವರಿಗೆ ಕಡಲು ಬೇಕಿದ್ದರೆ ಇಳಿಯಲೇಬೇಕು, ನಿಲ್ಲಲೇಬೇಕು. ಬೇರೆ ಉಪಾಯವಿಲ್ಲ. ನೀವು ನಿಂತದ್ದು ಇಪ್ಪತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಫೋಟೋಗೆ, ಐದು ನಿಮಿಷ ಗ್ರೂಪಿಗೆ ಉತ್ತರ ಬರೆಯೋದಕ್ಕೆ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ‘ಅಂಥ ಕವಿ ಓಡಾಡಿದ ಜಾಗದಲ್ಲೂ ನನಗೇನೂ ಅನಿಸಲಿಲ್ಲ’ ಎಂದು ಅತ್ತಿದ್ದೀರಿ. ಅದಕ್ಕೊಂದು ಸಮಾಧಾನ ಹೇಳುತ್ತೇನೆ. ಟ್ಯಾಗೋರರು ಅಲ್ಲಿಗೆ ತಮ್ಮನ್ನು ಹುಡುಕಿಕೊಂಡು ಒಬ್ಬರೇ ಬಂದಿರಲಿಲ್ಲ. 1880ರ ದಶಕದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದರು. ಇಪ್ಪತ್ತು ದಾಟಿದ ಹುಡುಗ ರವೀಂದ್ರ ಮನೆಯವರ ಜೊತೆ ಬಂದು ಅಣ್ಣನ ಮನೆಯಲ್ಲಿ ಉಳಿದರು. ಬೆಳದಿಂಗಳ ರಾತ್ರಿ ಎಲ್ಲರೂ ಸೇರಿ ಕಾಳಿ ಹೊಳೆಯಲ್ಲಿ ದೋಣಿಯಲ್ಲಿ ಹೋಗಿ, ಮರಳಿನ ಮೇಲೆ ನಡೆದು ಮನೆಗೆ ಬಂದರು. ಅಲ್ಲಿದ್ದಾಗ ಅವರು ಬರೆದ ನಾಟಕವೊಂದರಲ್ಲಿ, ಎಲ್ಲ ನಂಟು ಕಡಿದುಕೊಂಡು ಕೂತ ಸನ್ಯಾಸಿಯನ್ನು ಒಂದು ಪುಟ್ಟ ಹುಡುಗಿ ಮತ್ತೆ ಲೋಕಕ್ಕೆ ಎಳೆದು ತರುತ್ತಾಳೆ. ಜನರ ಜೊತೆ ಇರುವುದು ತಪ್ಪು ಎಂದು ನಾನು ಹೇಳುತ್ತಿಲ್ಲ ನೋಡಿ. ಅವರ ಜೊತೆಗಿದ್ದವರು ಅದೇ ದೋಣಿಯಲ್ಲಿದ್ದರು, ಅದೇ ಮರಳು ತುಳಿದರು. ನಿಮ್ಮ ಜೊತೆಗಿದ್ದ ಹದಿನೇಳು ಜನ ಮ್ಯಾಪಿನ ಮೇಲೆ ಚುಕ್ಕಿ ನೋಡುತ್ತಿದ್ದರು.

‘ಒಬ್ಬಳು ಹೆಂಗಸು, ಏನಾದ್ರೂ ಆದ್ರೆ?’ ಎಂದು ಕೆಲವರು ಈಗಲೇ ನನಗೆ ಬರೆಯಲು ಕೂತಿರುತ್ತಾರೆ. ಸರಿಯಾದ ಮಾತೇ. ನೀವು ಎಲ್ಲಿದ್ದೀರಿ ಎಂದು ಒಬ್ಬರಿಗೆ ಗೊತ್ತಿರಬೇಕು. ಹದಿನೇಳು ಜನಕ್ಕೆ ಬೇಕಿಲ್ಲ. ಆ ಒಬ್ಬರು ಟೈರಿಗೆ ಗಾಳಿ ಹಿಡಿಸಿದವರೇ ಆಗಲಿ. ಯಾವ ಊರು, ಯಾವ ರೂಮು, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಎಂದು ಹೊರಡುವ ಮೊದಲೇ ಅವರಿಗೆ ಹೇಳಿಡಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಇನ್ನೇನಾದರೂ ಆದರೆ 112, ಎರಡೂ ನಂಬರ್ ಕಾಗದದ ಮೇಲೆ ಬರೆದು ಕಾರಿನಲ್ಲಿಡಿ. ಮಳೆಗಾಲದಲ್ಲಿ ಹೋಗಬೇಡಿ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿ ಮೇಲೆ ಬಿದ್ದದ್ದು ನೆನಪಿದೆ ಅಲ್ವಾ? ಇನ್ನು ಕತ್ತಲಾದ ಮೇಲೆ ದೂರದ ಡ್ರೈವಿಂಗ್ ಯಾರಿಗೂ ಬೇಡ ಅನ್ನುವುದು ನನ್ನ ಹಳೇ ಹಟ. ಗಂಡಸರಿಗೂ ಇದೇ ಮಾತು.

ಕನ್ಯಾಕುಮಾರಿ ಬೇಡ. ಹದಿನಾಲ್ಕು ಜಾಗ ಬೇಡ. ಮಳೆ ಮುಗಿದ ಮೇಲೆ ಒಂದು ಶನಿವಾರ ಕುಂದಾಪುರಕ್ಕೆ ಹೋಗಿ ರೂಮು ಮಾಡಿ. ಮಧ್ಯಾಹ್ನ ನಿದ್ದೆ ಮಾಡಿ. ನಾಲ್ಕೂವರೆಗೆ ಹೊರಟರೆ ಮರವಂತೆ ಅರ್ಧ ಗಂಟೆಯ ದಾರಿ. ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ಕಾರು ನಿಲ್ಲಿಸಿ. ಕಡಲ ಕೊರೆತ ತಡೆಯಲೆಂದು ಹಾಕಿರುವ ಕಲ್ಲುಗಳ ಮೇಲೆ ಹತ್ತಬೇಡಿ, ನೀರಿಗೆ ಇಳಿಯಬೇಡಿ, ಮರಳಿರುವ ಕಡೆ ಹಿಂದಕ್ಕೆ ಕೂತುಕೊಳ್ಳಿ. ಫೋನ್ ಸ್ವಿಚ್ ಆಫ್ ಮಾಡಿ ಬ್ಯಾಗಿನೊಳಗೆ ಹಾಕಿ. ಸೂರ್ಯ ಮುಳುಗಿದ ಕೂಡಲೇ ಏಳಬೇಡಿ. ಎಲ್ಲರೂ ಆಗಲೇ ಎದ್ದು ಮರಳು ಕೊಡವಿಕೊಂಡು ಹೋಗಿಬಿಡುತ್ತಾರೆ. ಆಕಾಶ ಕೆಂಪಿನಿಂದ ಬೂದಿಗೆ ತಿರುಗೋದಕ್ಕೆ ಇನ್ನೂ ಇಪ್ಪತ್ತು ನಿಮಿಷ ಬೇಕು. ನೀವು ಬಿಟ್ಟು ಬಂದದ್ದು ಆ ಇಪ್ಪತ್ತು ನಿಮಿಷ. ನಿಧಾನಕ್ಕೆ ರೂಮಿಗೆ ಬಂದು ಯಜಮಾನರಿಗೊಂದು ಫೋನ್ ಮಾಡಿ ಮಲಗಿ. ಕತ್ತಲಲ್ಲಿ ಅಷ್ಟು ದೂರದ ಮಟ್ಟಿಗೆ ನನ್ನ ಹಟ ಸಡಿಲಿಸಿದ್ದೇನೆ.

ಏನಾದರೂ ಸಿಕ್ಕಿತಾ ಎಂದು ನನಗೂ ಬರೆಯಬೇಡಿ. ಭಾವನವರು ‘ಅಷ್ಟು ಹೊತ್ತು ಅಲ್ಲೇನ್ ಮಾಡ್ತಿದ್ದೆ?’ ಎಂದು ಕೇಳಿದರೆ ನೆಟ್‌ವರ್ಕ್ ಇರಲಿಲ್ಲ ಎಂದು ನೆಪ ಹೇಳಬೇಡಿ. ‘ಕೂತಿದ್ದೆ ಭಾವ’ ಅನ್ನಿ. ಆಮೇಲೆ ಕಾಫಿ ಕೊಡಿ.